ಕುಲದ ಉಳಿವಿಗಾಗಿ ಯಾವ ಪ್ರಾಣಿಯೂ ದುಡಿಯುವುದಿಲ್ಲ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಯಾವ ಊರಿನ ಹೊರಗೆ ಹೋದರೂ ಬಳ್ಳಾರಿ ಜಾಲಿಯ ಪೊದೆ ಸಿಗುತ್ತದೆ. ಅದರ ಬುಡದಲ್ಲಿ ಮಣ್ಣುಬಣ್ಣದ ಆರೇಳು ಹಕ್ಕಿಗಳು ಕುಪ್ಪಳಿಸುತ್ತಾ, ಒಣಗಿದ ಎಲೆ ತಿರುವಿ ಹಾಕುತ್ತಾ, ಒಂದೇ ಸಮ ಕಿರಿಚಾಡುತ್ತಿದ್ದರೆ ಅವು ಹರಟೆಮಲ್ಲಗಳು. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಒಂದು ಹಕ್ಕಿ ತಿನ್ನುವುದನ್ನು ಬಿಟ್ಟು ಪೊದೆಯ ತುದಿಗೇರಿ ಸುತ್ತ ಕಣ್ಣಾಡಿಸುತ್ತಿರುತ್ತದೆ. ಇನ್ನೆರಡು ಮೈಗೆ ಮೈ ತಾಗಿಸಿ ಕೂತಿರುತ್ತವೆ. ಒಂದರ ಕತ್ತಿನ ಪುಕ್ಕವನ್ನು ಇನ್ನೊಂದು ಕೊಕ್ಕಿನಿಂದ ತೀಡುತ್ತಿರುತ್ತದೆ. ಗೂಡಿನಲ್ಲಿ ಮರಿ ಇದ್ದರೆ ಇನ್ನೂ ಸೋಜಿಗ. ಹುಳ ಹಿಡಿದು ತರುವುದು ಬರೀ ಅಪ್ಪ ಅಮ್ಮ ಅಲ್ಲ. ಗುಂಪಿನ ಬೇರೆ ಹಕ್ಕಿಗಳೂ ತಂದು ಉಣಿಸುತ್ತವೆ.

ವಿಕಾಸದ ಲೆಕ್ಕದಲ್ಲಿ ಇದು ವಿಚಿತ್ರ. ಜಾಸ್ತಿ ಮರಿ ಉಳಿಸಿದವರ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಉಳಿಸದವರ ಗುಣ ಅವರ ಜೊತೆಗೇ ಮಣ್ಣಾಗುತ್ತದೆ. ನಿಸರ್ಗದ ಆಯ್ಕೆ ಅಂದರೆ ಇಷ್ಟೇ. ಹಾಗಿದ್ದ ಮೇಲೆ, ತಾನು ಮೊಟ್ಟೆ ಇಡದೆ ಇನ್ನೊಬ್ಬರ ಮರಿ ಸಾಕುವ ಗುಣ ಎಂದೋ ಅಳಿಸಿಹೋಗಬೇಕಿತ್ತು, ಅಲ್ವಾ? ಡಾರ್ವಿನ್ನರಿಗೂ ಇದು ಬಹಳ ತಲೆ ತಿಂದಿತ್ತು. 1859ರಲ್ಲಿ ತಮ್ಮ ಸಿದ್ಧಾಂತವನ್ನು ಪ್ರಕಟಿಸುವಾಗ, ಸಂತಾನವೇ ಇಲ್ಲದ ಕೆಲಸಗಾರ ಇರುವೆ, ಜೇನುಗಳನ್ನು ತಮ್ಮ ವಾದಕ್ಕೆ ಎದುರಾದ ದೊಡ್ಡ ತೊಡಕು ಎಂದು ಅವರೇ ಬರೆದರು. ಆಯ್ಕೆ ಒಂಟಿ ಜೀವಿಯ ಮೇಲಷ್ಟೇ ಅಲ್ಲ, ಕುಟುಂಬದ ಮೇಲೂ ನಡೆಯಬಹುದು ಎಂಬ ಸುಳಿವನ್ನೂ ಕೊಟ್ಟರು. ಆ ಸುಳಿವನ್ನು ಲೆಕ್ಕ ಹಾಕಿ ತೋರಿಸಲು ನೂರು ವರ್ಷ ಬೇಕಾಯಿತು.

ನಮ್ಮ ಕಡೆ ಯಾರನ್ನು ಕೇಳಿದರೂ ಉತ್ತರ ಸಲೀಸಾಗಿ ಬರುತ್ತದೆ: “ತಮ್ಮ ಕುಲ ಉಳೀಬೇಕಲ್ರೀ, ಅದಕ್ಕ.” ಕುಲ ಅಂದರೆ ಇಲ್ಲಿ ಮನೆತನವಲ್ಲ, ಆ ಇಡೀ ಪ್ರಾಣಿಜಾತಿ. ಟಿವಿಯ ವನ್ಯಜೀವಿ ಕಾರ್ಯಕ್ರಮಗಳಲ್ಲೂ ಇದೇ ಮಾತು ಕೇಳುತ್ತೇವೆ. ವಿಜ್ಞಾನಿಗಳೂ ಇದನ್ನು ಹೇಳಿದವರೇ. 1962ರಲ್ಲಿ ಬ್ರಿಟನ್ನಿನ ವಿನ್-ಎಡ್ವರ್ಡ್ಸ್, ಪ್ರಾಣಿಗಳು ಗುಂಪಿನ ಒಳಿತಿಗಾಗಿ ತಮ್ಮ ಸಂತಾನವನ್ನು ತಾವೇ ಹಿಡಿತದಲ್ಲಿ ಇಟ್ಟುಕೊಳ್ಳುತ್ತವೆ ಎಂದು ವಿಸ್ತಾರವಾಗಿ ವಾದಿಸಿದರು. ಕೇಳಲು ಚೆಂದ. ಆದರೆ ಈ ಉತ್ತರ ನಿಲ್ಲುವುದಿಲ್ಲ.

ಮೇವು ಕಡಿಮೆ ಇರುವ ಒಂದು ಬಯಲಿದೆ ಅನ್ನಿ. ಅಲ್ಲಿನ ಮೊಲಗಳೆಲ್ಲ ಮೇವು ತೀರದಿರಲಿ ಎಂದು ಎರಡೆರಡೇ ಮರಿ ಹಾಕುತ್ತವೆ. ಅವುಗಳ ನಡುವೆ ನಾಲ್ಕು ಮರಿ ಹಾಕುವ ಮೊಲವೊಂದು ಹುಟ್ಟಿತು. ಉಳಿದವು ತಡೆದುಕೊಂಡಿದ್ದರ ಲಾಭ ಅದಕ್ಕೂ ಸಿಗುತ್ತದೆ, ಮರಿ ಮಾತ್ರ ಎರಡು ಪಟ್ಟು. ಅದರ ಮರಿಗಳಿಗೂ ಅದೇ ಗುಣ. ಕೆಲವೇ ಪೀಳಿಗೆಗಳಲ್ಲಿ ಬಯಲಿನ ತುಂಬ ಅದರ ವಂಶವೇ ಇರುತ್ತದೆ. ಇದರಿಂದ ಇಡೀ ಕುಲಕ್ಕೇ ಕೇಡಾಗಬಹುದು. ಆದರೂ ಹಾಗೇ ಆಗುತ್ತದೆ. ಯಾಕೆಂದರೆ ಮುಂದಾಗುವುದನ್ನು ಈಗಲೇ ಕಂಡು ತಡೆಯುವವರು ಅಲ್ಲಿ ಯಾರೂ ಇಲ್ಲ. 1966ರಲ್ಲಿ ಅಮೆರಿಕದ ಜಾರ್ಜ್ ವಿಲಿಯಮ್ಸ್ ಇದನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ಗುಂಪು ಗುಂಪಿನ ನಡುವೆ ಆಯ್ಕೆ ನಡೆಯುತ್ತದೆಯೇ, ಎಷ್ಟು ನಡೆಯುತ್ತದೆ ಎಂಬ ಚರ್ಚೆ ಇವತ್ತಿಗೂ ಇದೆ. ‘ಕುಲಕ್ಕಾಗಿ’ ಎಂಬ ಸಡಿಲ ಮಾತನ್ನು ಮಾತ್ರ ಜೀವವಿಜ್ಞಾನ ಕೈಬಿಟ್ಟಿದೆ.

ಆ ಮಾತಿಗೆ ಬಲವಾದ ಪೆಟ್ಟು ಬಿದ್ದದ್ದು ನಮ್ಮ ಪಕ್ಕದ ಧಾರವಾಡದ ಕಾಡಿನಿಂದ. ಆನೆಗೊಂದಿ, ಅಂಜನಾದ್ರಿ ಬೆಟ್ಟದ ಕಡೆ ಹೋದವರು ಮುಸುವಗಳನ್ನು ನೋಡಿಯೇ ಇರುತ್ತೀರಿ. ಕಪ್ಪು ಮೋರೆ, ಉದ್ದ ಬಾಲ. 1960ರ ದಶಕದ ಮೊದಲಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಎಂಬ ವಿಜ್ಞಾನಿ ಧಾರವಾಡದ ಸುತ್ತಮುತ್ತ ಈ ಮುಸುವಗಳ ಹಿಂದೆ ಅಲೆದರು. ಸಾಮಾನ್ಯವಾಗಿ ಒಂದು ಗುಂಪಿನಲ್ಲಿ ಹಲವು ಹೆಣ್ಣುಗಳು, ಅವುಗಳ ಮರಿಗಳು, ದೊಡ್ಡ ಗಂಡು ಒಂದೇ. ಉಳಿದ ಗಂಡುಗಳು ಹೊರಗೆ ಬೇರೆ ಗುಂಪು ಕಟ್ಟಿಕೊಂಡು ತಿರುಗುತ್ತವೆ, ಸಮಯ ನೋಡಿ ಮೇಲೆ ಬೀಳುತ್ತವೆ. ಹೀಗೆ ಹೊಸ ಗಂಡೊಂದು ಹಳೆಯದನ್ನು ಓಡಿಸಿ ಗುಂಪನ್ನು ಹಿಡಿಯುವುದನ್ನು ಸುಗಿಯಾಮ ಕಂಡರು. ಗೆದ್ದ ಗಂಡು ಗುಂಪಿನ ಹಾಲು ಕುಡಿಯುವ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. ತಾಯಂದಿರು ಸ್ವಲ್ಪ ದಿನಕ್ಕೇ ಬೆದೆಗೆ ಬಂದು ಅದೇ ಗಂಡಿನ ಜೊತೆ ಕೂಡಿದವು.

1965ರಲ್ಲಿ ಈ ವರದಿ ಪ್ರಕಟವಾದಾಗ ಹಲವರಿಗೆ ನಂಬಲಾಗಲಿಲ್ಲ. ಜನರ ಒಡನಾಟದಿಂದಲೋ, ಜಾಗ ಸಾಲದೆಯೋ ತಲೆ ಕೆಟ್ಟ ಮಂಗ ಇರಬೇಕು ಅಂದರು. 1970ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಮುಸುವಗಳನ್ನು ನೋಡಿದ ಸಾರಾ ಹರ್ಡಿ ಬೇರೆಯೇ ಮಾತು ಹೇಳಿದರು. ಇದು ರೋಗವಲ್ಲ, ಗಂಡಿಗೆ ಇದರಿಂದ ಲಾಭವಿದೆ ಎಂದರು. ಮರಿಗೆ ಹಾಲೂಡಿಸುವ ಹೆಣ್ಣು ಬೆದೆಗೆ ಬರುವುದಿಲ್ಲ. ಹೊಸ ಗಂಡಿನ ಆಳ್ವಿಕೆಯೋ ಸರಾಸರಿ ಎರಡು ಎರಡೂವರೆ ವರ್ಷ ಅಷ್ಟೇ. ಬೇರೆ ಗಂಡಿನ ಮರಿಗಳು ಹಾಲು ಬಿಡುವ ತನಕ ಕಾದು ಕೂತರೆ, ತನ್ನ ಮರಿ ಹುಟ್ಟಿ ದೊಡ್ಡದಾಗುವ ಮೊದಲೇ ಇನ್ನೊಂದು ಗಂಡು ಬಂದು ಇದನ್ನು ಓಡಿಸುತ್ತದೆ. ಹರ್ಡಿಯವರ ಮಾತು ಸರಿಯಿದ್ದರೆ ಗಂಡು ತನ್ನದೇ ಮರಿಯನ್ನು ಕೊಲ್ಲಬಾರದು. 1999ರಲ್ಲಿ ನೇಪಾಳದ ಮುಸುವಗಳ ಡಿಎನ್ಎ ಪರೀಕ್ಷೆ ಪ್ರಕಟವಾಯಿತು. ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಗಳಲ್ಲ ಎಂಬುದು ಅದರಲ್ಲಿ ಖಚಿತವಾಯಿತು.

ಮುಸುವದ ಕುಲಕ್ಕೆ ಇದರಿಂದ ಏನೂ ಲಾಭವಿಲ್ಲ. ಆರೋಗ್ಯವಾಗಿದ್ದ ಮರಿಗಳು ಸತ್ತವು, ತಾಯಂದಿರು ಹೊತ್ತು ಹೆತ್ತದ್ದು ನೀರುಪಾಲಾಯಿತು. ಆದರೂ ಗುಣ ಉಳಿದಿದೆ. ನೋಡಲು ಸಂಕಟವಾಗುವ ಈ ಸಂಗತಿಯನ್ನು ಮೊದಲು ಒಪ್ಪಿಕೊಂಡರೆ ಮಾತ್ರ ಹರಟೆಮಲ್ಲದ ಒಳ್ಳೆಯತನವೂ ಅರ್ಥವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಎರಡಕ್ಕೂ ಬೇರು ಒಂದೇ.

ಆ ಬೇರನ್ನು ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಹ್ಯಾಮಿಲ್ಟನ್, 1964ರಲ್ಲಿ. ಪ್ರಾಣಿಯ ಕಡೆಯಿಂದ ಅಲ್ಲ, ಅದರೊಳಗಿನ ಜೀನಿನ ಕಡೆಯಿಂದ ನೋಡಿ ಎಂದರು ಅವರು. ನಮ್ಮ ಬಣ್ಣ, ಎತ್ತರ, ನಡವಳಿಕೆಯ ಒಲವುಗಳು ಪೀಳಿಗೆಯಿಂದ ಪೀಳಿಗೆಗೆ ಸಾಗುವುದು ಈ ಜೀನುಗಳ ಮೂಲಕ. ಪ್ರಾಣಿ ಸಾಯುತ್ತದೆ, ಜೀನಿನ ಪ್ರತಿಗಳು ಮುಂದೆ ಹೋಗುತ್ತವೆ. ಆ ಪ್ರತಿಗಳು ಇರುವುದು ನಮ್ಮ ಮಕ್ಕಳಲ್ಲಿ ಮಾತ್ರ ಅಲ್ಲ. ಒಡಹುಟ್ಟಿದವರಲ್ಲಿ, ಅವರ ಮಕ್ಕಳಲ್ಲಿ, ದಾಯಾದಿಗಳಲ್ಲೂ ಇವೆ. ಹಾಗಾಗಿ ನೆಂಟರಿಗೆ ನೆರವಾಗುವ ಗುಣವನ್ನು ಹುಟ್ಟಿಸುವ ಜೀನು, ಆ ನೆಂಟರೊಳಗೆ ಕೂತಿರುವ ತನ್ನದೇ ಪ್ರತಿಗಳಿಗೆ ನೆರವಾಗುತ್ತಿರಬಹುದು.

ಇಲ್ಲಿ ಅನೇಕರು ಎಡವುತ್ತಾರೆ. “ಅಣ್ಣ ತಮ್ಮಂದಿರಲ್ಲಿ ಅರ್ಧ ಜೀನು ಒಂದೇ” ಅಂದ ತಕ್ಷಣ, “ಎಲ್ಲ ಮನುಷ್ಯರ ಡಿಎನ್ಎಯೂ ಹೆಚ್ಚುಕಡಿಮೆ ಒಂದೇ ಅಲ್ವಾ, ಅರ್ಧ ಎಲ್ಲಿಂದ ಬಂತು?” ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಊರಲ್ಲೇ ಬಹಳ ಅಪರೂಪದ ಜೀನೊಂದು ಒಂದು ಹಕ್ಕಿಯಲ್ಲಿದೆ ಅನ್ನಿ. ಅದು ಬಂದದ್ದು ತಾಯಿಯಿಂದ ಅಥವಾ ತಂದೆಯಿಂದ. ಅದೇ ತಂದೆ ತಾಯಿಯ ಇನ್ನೊಂದು ಮರಿಗೂ ಅದು ಬಂದಿರುವ ಸಂಭವ ಎರಡರಲ್ಲಿ ಒಂದು. ತಂದೆ ಬೇರೆಯಾದರೆ ನಾಲ್ಕರಲ್ಲಿ ಒಂದು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಲ್ಲಿ ಎಂಟರಲ್ಲಿ ಒಂದು. ದಾರಿಯಲ್ಲಿ ಸಿಕ್ಕ ಹಕ್ಕಿಯಲ್ಲಿ ಹೆಚ್ಚುಕಡಿಮೆ ಸೊನ್ನೆ. ನೆಂಟಸ್ತಿಕೆಯ ಅಂಕಿ ಅಂದರೆ ಇದು. ಮೈಯಲ್ಲಿರುವ ಡಿಎನ್ಎ ಒಟ್ಟು ಎಷ್ಟು ಹೋಲುತ್ತದೆ ಎಂಬುದಲ್ಲ. ಊರವರಿಗಿಂತ ಈ ನೆಂಟನಲ್ಲಿ ಅದೇ ಜೀನು ಇರುವ ಸಂಭವ ಎಷ್ಟು ಜಾಸ್ತಿ ಎಂಬುದು.

ಹ್ಯಾಮಿಲ್ಟನ್ನರ ಸೂತ್ರ ಇದರ ಮೇಲೆ ನಿಂತಿದೆ. ನೆರವು ಪಡೆದವರಿಗಾದ ಲಾಭವನ್ನು ನೆಂಟಸ್ತಿಕೆಯ ಅಂಕಿಯಿಂದ ಗುಣಿಸಿ. ಬಂದದ್ದು ನೆರವು ಕೊಟ್ಟವರ ನಷ್ಟಕ್ಕಿಂತ ಹೆಚ್ಚಾದರೆ ಆ ಗುಣ ಹರಡುತ್ತದೆ. ಕಡಿಮೆಯಾದರೆ ಅಳಿಯುತ್ತದೆ. ಈ ಯೋಚನೆಯ ಎಳೆ ಜೆ.ಬಿ.ಎಸ್. ಹಾಲ್ಡೇನರಿಗೆ ಮೊದಲೇ ಹೊಳೆದಿತ್ತು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ ಇಲ್ಲಿಯೇ ತೀರಿಕೊಂಡ ವಿಜ್ಞಾನಿ ಅವರು. ಇಬ್ಬರು ಒಡಹುಟ್ಟಿದವರು ಇಲ್ಲವೇ ಎಂಟು ಮಂದಿ ದಾಯಾದಿಗಳು ಬದುಕುವುದಾದರೆ ತಾನು ಹೊಳೆಗೆ ಹಾರಿ ಪ್ರಾಣ ಕೊಟ್ಟೇನು ಎಂದು ಹೇಳಿದ್ದರಂತೆ.

ಈಗ ಹರಟೆಮಲ್ಲಕ್ಕೆ ಬರೋಣ. ಸ್ವಂತ ಮರಿ ಜೊತೆಗಿನ ನೆಂಟಸ್ತಿಕೆ ಅರ್ಧ, ಒಡಹುಟ್ಟಿದ ಮರಿಯ ಜೊತೆಗೂ ಅರ್ಧ. ಜೀನಿನ ಲೆಕ್ಕದಲ್ಲಿ ಒಬ್ಬ ತಮ್ಮ ಒಬ್ಬ ಮಗನಿಗೆ ಸಮ. ಹಾಗಾಗಿ ಎಳೆಯ ಹಕ್ಕಿಯೊಂದು ಬೇರೆ ಹೋಗಿ ಗೂಡು ಕಟ್ಟಿದರೆ ಒಂದೇ ಮರಿ ಉಳಿಯುವಂತಿದ್ದು, ಅಪ್ಪ ಅಮ್ಮನ ಗೂಡಿಗೆ ದುಡಿದರೆ ಎರಡು ಮರಿ ಹೆಚ್ಚಿಗೆ ಉಳಿಯುವಂತಿದ್ದರೆ, ಮನೆಯಲ್ಲೇ ನಿಲ್ಲುವುದು ಮೇಲು. ಮಳೆ ಯಾವ ವರ್ಷ ಕೈಕೊಡುತ್ತದೋ ಗೊತ್ತಿಲ್ಲದ ಸೀಮೆಯಲ್ಲಿ ಒಂಟಿ ಜೋಡಿ ಮರಿ ಸಾಕಿ ದಡ ಮುಟ್ಟಿಸುವುದು ಕಷ್ಟ. ಆಫ್ರಿಕಾದ ಗೊರವಂಕ ಜಾತಿಯ ಹಕ್ಕಿಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತು. ಮಳೆಯ ಭರವಸೆ ಇಲ್ಲದ ಅರೆ ಒಣ ಬಯಲುಗಳಲ್ಲಿ ಕೂಡಿ ಮರಿ ಸಾಕುವ ಜಾತಿಗಳು ಹೆಚ್ಚಿದ್ದವು. ನಮ್ಮ ಸೀಮೆಯ ಮಳೆಯನ್ನು ಕಂಡವರಿಗೆ ಇದು ಹೊಸದೇನಲ್ಲ.

ನೀರಿನ ಟ್ಯಾಂಕಿನ ಅಡಿಯಲ್ಲೋ ಬಂಡೆಯ ಮಗ್ಗುಲಲ್ಲೋ ತೂಗುವ ಹೆಜ್ಜೇನಿನ ತಟ್ಟಿಯಲ್ಲಿ ಈ ಲೆಕ್ಕ ಇನ್ನೂ ತೀಕ್ಷ್ಣ. ಕಚ್ಚಿದ ಹುಳದ ಮುಳ್ಳು ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡು, ವಿಷದ ಚೀಲದ ಸಮೇತ ಕಿತ್ತು ಬರುತ್ತದೆ. ಹುಳ ಸಾಯುತ್ತದೆ. ಆ ಕೆಲಸಗಾರ ಹೆಣ್ಣಿಗೆ ಸ್ವಂತ ಸಂತಾನ ಸಾಮಾನ್ಯವಾಗಿ ಇರುವುದೇ ಇಲ್ಲ. ಅದರ ಜೀನುಗಳ ಭವಿಷ್ಯವೆಲ್ಲ ತಾಯಿಯಾದ ರಾಣಿಯ ಮೊಟ್ಟೆಯಲ್ಲಿದೆ. ಆದರೆ ಜೇನುಗೂಡನ್ನು ತ್ಯಾಗದ ಮಂದಿರ ಎಂದು ಕರೆದು ಕೈಮುಗಿಯುವುದಕ್ಕೆ ಮೊದಲು ಇನ್ನೊಂದು ವಿಷಯ ತಿಳಿಯಬೇಕು. ಕೆಲಸಗಾರ ಹೆಣ್ಣಿಗೆ ಗಂಡಿನ ಜೊತೆ ಕೂಡದೆಯೂ ಮೊಟ್ಟೆ ಇಡಲು ಬರುತ್ತದೆ. ಅದರಿಂದ ಗಂಡು ಹುಟ್ಟುತ್ತದೆ. ಹಾಗೆ ಕದ್ದು ಇಟ್ಟ ಮೊಟ್ಟೆಗಳನ್ನು ಉಳಿದ ಕೆಲಸಗಾರರು ಹುಡುಕಿ ತಿಂದುಬಿಡುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನಿನಲ್ಲಿ ಇದು 1989ರಲ್ಲೇ ಸ್ಪಷ್ಟವಾಯಿತು. ರಾಣಿ ಹಲವು ಗಂಡುಗಳ ಜೊತೆ ಕೂಡಿರುವುದರಿಂದ ಗೂಡಿನ ಅಕ್ಕ ತಂಗಿಯರಲ್ಲಿ ಬಹುಪಾಲು ಮಂದಿಗೆ ತಾಯಿ ಒಂದೇ, ತಂದೆ ಬೇರೆ. ಅಂಥವರ ಮಗನಿಗಿಂತ ರಾಣಿಯ ಮಗ ಲೆಕ್ಕದಲ್ಲಿ ಹತ್ತಿರದ ನೆಂಟ. ಗೂಡಿನ ಶಿಸ್ತಿನ ಒಳಗೇ ಈ ಕಾವಲು ಇದೆ.

ಜೇನು, ಇರುವೆ, ಕಣಜಗಳಲ್ಲಿ ಗಂಡು ಹುಟ್ಟುವುದು ತಂದೆಯಿಲ್ಲದ ಮೊಟ್ಟೆಯಿಂದ. ಗಂಡಿಗೆ ಇರುವುದು ತಾಯಿಯ ಕಡೆಯ ಒಂದೇ ಪಾಲು ಜೀನು, ಅದನ್ನು ಪೂರ್ತಿಯಾಗಿ ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತದೆ. ಹಾಗಾಗಿ ಒಂದೇ ತಂದೆಯ ಅಕ್ಕ ತಂಗಿಯರ ನೆಂಟಸ್ತಿಕೆ ಅರ್ಧವಲ್ಲ, ಮುಕ್ಕಾಲು. ಇವುಗಳ ಕೂಡುಬಾಳಿಗೆ ಇದೇ ಕಾರಣ ಎಂದು ಬಹಳ ಕಾಲ ಹೇಳಲಾಯಿತು. ಈಗ ಆ ಮಾತಿಗೆ ಮೊದಲಿನ ಬಲ ಇಲ್ಲ. ನಮ್ಮ ಎರೆ ಹೊಲದ ಬದುವಿನ ಗೆದ್ದಲಿಗೆ ಆ ಏರ್ಪಾಡೇ ಇಲ್ಲ, ಆದರೂ ಅದು ಹುತ್ತ ಕಟ್ಟಿ ರಾಜ, ರಾಣಿ, ಕೆಲಸಗಾರರ ಸಂಸಾರ ನಡೆಸುತ್ತದೆ.

ಇದನ್ನು ಇನ್ನೂ ಚೆನ್ನಾಗಿ ತೋರಿಸಿದ ಹುಳ ನಮ್ಮ ಕಿಟಕಿಯ ಮೂಲೆಯಲ್ಲೇ ಗೂಡು ಕಟ್ಟುತ್ತದೆ. ಕಾಗದದಂಥ ಸಣ್ಣ ಗೂಡು, ಕೆಳಮುಖವಾದ ಕೋಣೆಗಳು, ಮೇಲೆ ಕೂತ ಕಂದು ಕಣಜಗಳು. ಇವುಗಳಲ್ಲಿ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ನೋಡಿದ್ದಾರೆ. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಯಾರಿಗೆ ಉಣಿಸಿತು, ಯಾವುದು ಯಾರನ್ನು ಕಚ್ಚಿತು ಎಂದು ಬರೆದಿಟ್ಟಿದ್ದಾರೆ. ಇಲ್ಲಿ ರಾಣಿಗೂ ಕೆಲಸಗಾರರಿಗೂ ರೂಪದಲ್ಲಿ ವ್ಯತ್ಯಾಸವಿಲ್ಲ. ಕೆಲಸಗಾರ ಹೆಣ್ಣು ಬಿಟ್ಟುಹೋಗಿ ಒಂಟಿಯಾಗಿ ಗೂಡು ಕಟ್ಟಬಹುದು, ಮೊಟ್ಟೆ ಇಡಬಹುದು. ರಾಣಿಯೂ ಜಗಳಗಂಟಿ ಅಲ್ಲ, ಗೂಡಿನಲ್ಲಿ ತಣ್ಣಗೆ ಕೂತಿರುತ್ತದೆ. ರಾಣಿಯನ್ನು ತೆಗೆದರೆ ನಿಮಿಷಗಳೊಳಗೆ ಒಂದು ಕೆಲಸಗಾರ ಹೆಣ್ಣು ಇದ್ದಕ್ಕಿದ್ದಂತೆ ಉಗ್ರವಾಗುತ್ತದೆ. ಉಳಿದವರ ಮೇಲೆಲ್ಲ ಎಗರಾಡುತ್ತದೆ. ರಾಣಿಯನ್ನು ವಾಪಸ್ ಬಿಡದಿದ್ದರೆ ಸುಮಾರು ವಾರದಲ್ಲಿ ಅದೇ ಮೊಟ್ಟೆ ಇಡಲು ಶುರು ಮಾಡುತ್ತದೆ. ಆಮೇಲೆ ಅದೂ ತಣ್ಣಗಾಗುತ್ತದೆ.

ಹಾಗಾದರೆ ಸಾಮರ್ಥ್ಯವಿದ್ದೂ ಉಳಿದವು ಯಾಕೆ ದುಡಿಯುತ್ತವೆ? ಈ ಗೂಡುಗಳಲ್ಲಿ ನೆಂಟಸ್ತಿಕೆ ಮುಕ್ಕಾಲಿಗಿಂತ ಬಹಳ ಕಡಿಮೆ. ರಾಣಿ ಒಂದಕ್ಕಿಂತ ಹೆಚ್ಚು ಗಂಡಿನ ಜೊತೆ ಕೂಡಿರುತ್ತದೆ, ರಾಣಿಯರೂ ಬದಲಾಗುತ್ತಿರುತ್ತಾರೆ. ಗದಗ್‌ಕರ್ ಸೂತ್ರದ ಇನ್ನೊಂದು ಬದಿಯನ್ನು ನೋಡಿದರು, ಲಾಭ ನಷ್ಟದ ಬದಿ. ಮೊಟ್ಟೆ ಬೆಳೆದು ಹುಳವಾಗಲು ಸುಮಾರು ಎರಡು ತಿಂಗಳು ಬೇಕು. ಕೆಲಸಗಾರ ಹೆಣ್ಣಿನ ಸರಾಸರಿ ಆಯುಷ್ಯ ಅಷ್ಟು ಉದ್ದವಿಲ್ಲ. ಒಂಟಿಯಾಗಿ ಗೂಡು ಕಟ್ಟಿದ ಹೆಣ್ಣು ನಡುವೆ ಸತ್ತರೆ ಮರಿಗಳೆಲ್ಲ ಸತ್ತವು, ಅಷ್ಟು ದಿನದ ದುಡಿಮೆ ಮಣ್ಣುಪಾಲು. ಕೂಡುಗೂಡಿನಲ್ಲಿ ಹಾಗಿಲ್ಲ. ಹತ್ತು ದಿನ ದುಡಿದು ಸತ್ತರೂ ಆ ಹತ್ತು ದಿನ ವ್ಯರ್ಥವಲ್ಲ. ಅರ್ಧ ಬೆಳೆದ ಮರಿಯನ್ನು ಇನ್ನೊಬ್ಬರು ಮುಂದುವರಿಸುತ್ತಾರೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಶೋಧ ಇದು. ಒಳ್ಳೆಯತನಕ್ಕೆ ರಕ್ತಸಂಬಂಧ ಒಂದೇ ಕಾರಣವಲ್ಲ, ಬದುಕಿನ ಅನಿಶ್ಚಿತತೆಯೂ ಅದನ್ನು ಬೆಳೆಸುತ್ತದೆ ಎಂದು ಒಂದು ಸಣ್ಣ ಕಣಜ ತೋರಿಸಿಕೊಟ್ಟಿತು.

ಒಟ್ಟಿಗಿದ್ದದ್ದೆಲ್ಲ ಪರೋಪಕಾರ ಅಲ್ಲ. ರಾಯಚೂರು, ಕೊಪ್ಪಳ ಕಡೆಯ ಕೆಂಗುರಿ ಹಿಂಡನ್ನು ನೋಡಿ. ನಾಯಿ ಓಡಿಸಿಕೊಂಡು ಬಂದರೆ ಹಿಂಡು ಒತ್ತಾಗುತ್ತದೆ. ದೂರದಿಂದ ನೋಡಿದರೆ ಎಲ್ಲವೂ ಒಗ್ಗಟ್ಟಾಗಿ ನಿಂತಂತೆ ಕಾಣುತ್ತದೆ. ಹತ್ತಿರ ಹೋದರೆ ಪ್ರತಿ ಕುರಿಯೂ ನಡುವಿಗೆ ನುಗ್ಗಲು ತಲೆ ತೂರಿಸುತ್ತಿರುತ್ತದೆ. ತೋಳಕ್ಕೆ ಸಿಗುವುದು ಅಂಚಿನ ಕುರಿ ಎಂಬುದು ಕುರಿಗಾಹಿಗಳಿಗೆಲ್ಲ ಗೊತ್ತು. ಪ್ರತಿಯೊಂದೂ ತನ್ನ ಮತ್ತು ತೋಳದ ನಡುವೆ ಇನ್ನೊಂದು ಕುರಿ ಇರಲಿ ಎಂದು ಹೊರಟರೆ ಸಾಕು, ಹಿಂಡು ತಾನಾಗಿ ಗಟ್ಟಿಯಾಗುತ್ತದೆ. 1971ರಲ್ಲಿ ಇದನ್ನೂ ಗಣಿತದಲ್ಲಿ ಹೇಳಿದವರು ಅದೇ ಹ್ಯಾಮಿಲ್ಟನ್. 2012ರಲ್ಲಿ ವಿಜ್ಞಾನಿಗಳು ಹಿಂಡೊಂದರ ಕುರಿಗಳ ಬೆನ್ನಿಗೆ ಜಿಪಿಎಸ್ ಕಟ್ಟಿ, ನಾಯಿ ಬಿಟ್ಟು ಅಳೆದರು. ಕುರಿಗಳು ಓಡಿದ್ದು ಹಿಂಡಿನ ನಡುವಿಗೇ.

ಆ ತೋಳದ ಸಂಸಾರ ಬೇರೆ ತರಹ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡನ್ನು ಈಗ ತೋಳಗಳಿಗಾಗಿಯೇ ಧಾಮ ಮಾಡಿದ್ದಾರೆ. ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಹೋದ ವರ್ಷದ ಮಕ್ಕಳು. ಬೇಟೆ ತಿಂದು ಬಂದ ದೊಡ್ಡ ಮಕ್ಕಳು ಗುಹೆಯ ಬಾಯಲ್ಲಿ ಮಾಂಸವನ್ನು ಕಕ್ಕಿ ಪುಟ್ಟ ತಮ್ಮ ತಂಗಿಯರಿಗೆ ಉಣಿಸುತ್ತವೆ. ಕುರಿಯ ಒತ್ತು, ತೋಳದ ಉಣಿಸು ಎರಡನ್ನೂ ತಂದದ್ದು ಒಂದೇ ಸೂತ್ರ. ಅಂಕಿಗಳು ಮಾತ್ರ ಬೇರೆ.

ಕಾವಲು ಕೂರುವ ಹಕ್ಕಿಯ ಮೇಲೂ ನಾವು ಅವಸರದಲ್ಲಿ ತ್ಯಾಗದ ಪಟ್ಟ ಕಟ್ಟುತ್ತೇವೆ. ಆಫ್ರಿಕಾದ ಕಲಹಾರಿಯಲ್ಲಿ ಮೀರ್ಕ್ಯಾಟ್ ಎಂಬ ಮುಂಗುಸಿ ಜಾತಿಯ ಪ್ರಾಣಿಯ ಕಾವಲನ್ನು ನೋಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಕಾವಲಿಗೆ ಹೋಗುವುದು ಹೊಟ್ಟೆ ತುಂಬಿದ ಪ್ರಾಣಿ. ಅಪಾಯ ಮೊದಲು ಕಾಣುವುದು ಅದಕ್ಕೇ, ಮೊದಲು ಬಿಲ ಸೇರುವುದೂ ಬಹಳ ಸಲ ಅದೇ. ಹರಟೆಮಲ್ಲದ ಕಾವಲಿಗೂ ಇದೇ ಕಾರಣ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಒಂದೊಂದು ಪ್ರಾಣಿಯಲ್ಲೂ ಬೇರೆಬೇರೆಯಾಗಿ ನೋಡಿಯೇ ಹೇಳಬೇಕು.

“ಹಕ್ಕಿಗೆ ಗುಣಾಕಾರ ಬರುತ್ತದೇನ್ರೀ?” ಎಂದು ಕೇಳುವವರಿದ್ದಾರೆ. ಬರುವುದಿಲ್ಲ, ಬೇಕಾಗಿಯೂ ಇಲ್ಲ. ಲೆಕ್ಕ ನಡೆದಿರುವುದು ಸಾವಿರಾರು ಪೀಳಿಗೆಗಳ ಸಾವು ಬದುಕಿನಲ್ಲಿ. ಹಕ್ಕಿಗೆ ಉಳಿದಿರುವುದು ಒಂದು ಸರಳ ಒಲವು: ನಮ್ಮ ಗೂಡಿನಲ್ಲಿ ಬಾಯಿ ತೆರೆದದ್ದಕ್ಕೆ ಉಣಿಸು. ಆ ಒಲವನ್ನು ಮೋಸಗೊಳಿಸಲೂ ಬರುತ್ತದೆ. ಮಳೆಗಾಲದ ಜೊತೆ ಬರುವ ಚಾತಕ ಪಕ್ಷಿ ಹರಟೆಮಲ್ಲದ ಗೂಡಿನಲ್ಲಿ ನೀಲಿ ಮೊಟ್ಟೆ ಇಟ್ಟು ಹೋಗುತ್ತದೆ. ಹರಟೆಮಲ್ಲದ ಮೊಟ್ಟೆಯೂ ನೀಲಿಯೇ. ನೆಂಟಸ್ತಿಕೆ ಸೊನ್ನೆಯಾದ ಮರಿಗೆ ಇಡೀ ಗುಂಪು ಹುಳ ತಂದು ಹಾಕುತ್ತದೆ. ಕಾಗೆಗೆ ಕೋಗಿಲೆ ಮಾಡುವುದೂ ಇದನ್ನೇ. ಅದೇ ಕಾರಣಕ್ಕೆ ಜೀನು ‘ಸ್ವಾರ್ಥಿ’ ಅನ್ನುವ ಮಾತನ್ನು ಎಚ್ಚರದಿಂದ ಬಳಸಬೇಕು. ಜೀನಿಗೆ ಆಸೆ ಇಲ್ಲ, ಹಕ್ಕಿಗೆ ಕಪಟ ಇಲ್ಲ. ಮರಿಯನ್ನು ತೀಡುವ ಹಕ್ಕಿಯ ಅಕ್ಕರೆ ಸುಳ್ಳೂ ಅಲ್ಲ. ಆ ಅಕ್ಕರೆ ಎಲ್ಲಿಂದ ಬಂತು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಮುಸುವ ಮರಿ ಕೊಲ್ಲುತ್ತದೆ ಎಂಬುದರಿಂದ ಮನುಷ್ಯ ಹೇಗಿರಬೇಕು ಎಂಬ ಪಾಠವೂ ಹೊರಡುವುದಿಲ್ಲ. ಹಾಗೆ ಪಾಠ ಹೇಳುವವರನ್ನು ನಂಬಬೇಡಿ.

ಕೊನೆಯದಾಗಿ ನೆಂಟರಲ್ಲದವರ ನಡುವಿನ ನೆರವು. ಬಿತ್ತನೆ, ಕೊಯ್ಲಿನ ಸುಗ್ಗಿಯಲ್ಲಿ ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಮಾಡುತ್ತಾರಲ್ಲ, ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಪ್ರಾಣಿಗಳಲ್ಲೂ ಹೀಗೆ ಬೆಳೆಯಬಹುದು ಎಂದು 1971ರಲ್ಲಿ ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಹೇಳಿದರು. ಅದಕ್ಕೆ ಮೂರು ಬೇಕು. ಮತ್ತೆ ಮತ್ತೆ ಅದೇ ಮುಖ ಸಿಗಬೇಕು, ಯಾರು ಕೊಟ್ಟರು ಯಾರು ಕೊಡಲಿಲ್ಲ ಎಂಬುದು ನೆನಪಿರಬೇಕು, ಕೊಡುವವರಿಗೆ ಆಗುವ ನಷ್ಟಕ್ಕಿಂತ ಪಡೆಯುವವರ ಲಾಭ ದೊಡ್ಡದಿರಬೇಕು. ಉಂಡು ಕೈತೊಳೆದುಕೊಂಡು ಹೋಗುವವರನ್ನು ದೂರ ಇಡಲು ಬಾರದಿದ್ದರೆ ಮುಯ್ಯಿ ನಿಲ್ಲುವುದಿಲ್ಲ. ಪ್ರಾಣಿಗಳಲ್ಲಿ ಇದಕ್ಕೆ ಗಟ್ಟಿ ಉದಾಹರಣೆ ಕಡಿಮೆ.

ಇರುವ ಒಳ್ಳೆಯ ಉದಾಹರಣೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ರಕ್ತ ಕುಡಿಯುವ ಬಾವಲಿ. ನಮ್ಮ ಕಡೆಯ ಹಾಳು ಗುಡಿಗಳಲ್ಲಿ ತೂಗುವ ಬಾವಲಿಗಳಿಗೆ ಈ ಅಭ್ಯಾಸ ಇಲ್ಲ, ಅವುಗಳಿಗೆ ಹೆದರಬೇಕಿಲ್ಲ. ಎರಡು ಮೂರು ರಾತ್ರಿ ರಕ್ತ ಸಿಗದಿದ್ದರೆ ಅಲ್ಲಿಯ ಬಾವಲಿ ಸತ್ತೇ ಹೋಗುತ್ತದೆ. ಉಂಡು ಬಂದ ಹೆಣ್ಣು ಹಸಿದದ್ದಕ್ಕೆ ಒಂದಿಷ್ಟು ಕಕ್ಕಿ ಕೊಡುತ್ತದೆ. ಕೊಟ್ಟವಳಿಗೆ ಹೋಗುವುದು ಸ್ವಲ್ಪ, ಪಡೆದವಳಿಗೆ ಉಳಿಯುವುದು ಪ್ರಾಣ. ಜೆರಾಲ್ಡ್ ವಿಲ್ಕಿನ್ಸನ್ ಎಂಬ ವಿಜ್ಞಾನಿ ಕೋಸ್ಟರಿಕಾದಲ್ಲಿ ಕಂಡು 1984ರಲ್ಲಿ ಪ್ರಕಟಿಸಿದ ಇದನ್ನು ಜೆರಾಲ್ಡ್ ಕಾರ್ಟರ್ ಮುಂದುವರಿಸಿದರು. ಯಾರು ಯಾರಿಗೆ ಕೊಡುತ್ತಾರೆ ಎಂಬುದನ್ನು ನೆಂಟಸ್ತಿಕೆಗಿಂತ ಹೆಚ್ಚಾಗಿ ಹಿಂದಿನ ಕೊಡು ಕೊಳ್ಳುವಿಕೆ ಹೇಳುತ್ತದೆ ಎಂದು 2013ರ ಪ್ರಯೋಗದಲ್ಲಿ ತಿಳಿಯಿತು. ಬೇರೆ ಬೇರೆ ಕಡೆಯಿಂದ ಹಿಡಿದು ತಂದು ಒಟ್ಟಿಗೆ ಬಿಟ್ಟ, ಗುರುತಿಲ್ಲದ ಬಾವಲಿಗಳು ಏನು ಮಾಡುತ್ತವೆ ಎಂದು ಆಮೇಲೆ ನೋಡಿದರು. ಅದು 2020ರಲ್ಲಿ ಪ್ರಕಟವಾಯಿತು. ಹೊಸಬರಿಗೆ ಅವು ಒಮ್ಮೆಲೇ ರಕ್ತ ಕೊಡುವುದಿಲ್ಲ. ಮೊದಲು ಒಂದರ ತುಪ್ಪಳವನ್ನು ಇನ್ನೊಂದು ನೆಕ್ಕಿ ಹಸನು ಮಾಡುತ್ತದೆ. ಅದಕ್ಕೆ ಖರ್ಚು ಕಡಿಮೆ, ಮೋಸ ಹೋದರೂ ನಷ್ಟ ಕಡಿಮೆ. ಇತ್ತ ಕಡೆಯಿಂದಲೂ ನೆಕ್ಕುವುದು ಹೆಚ್ಚುತ್ತಾ ಹೋದ ಜೋಡಿಗಳಲ್ಲಿ ಕೆಲವು, ಎಷ್ಟೋ ದಿನದ ಮೇಲೆ, ಉಣಿಸಲು ಶುರು ಮಾಡಿದವು.